ಆರೋಗ್ಯಸೇವೆಗೆ ಬಾಗಿಲುಗಳು ಹಲವು

ಪಿಯುಸಿ ಫಲಿತಾಂಶ ಹೊರಬಿದ್ದ ಮೇಲಿನ ಕೆಲವು ವಾರಗಳು ನಮ್ಮ ಭಾಗದ ಮನೆಗಳಲ್ಲಿ ಕಳವಳದ ದಿನಗಳು. ಮಗ ಅಥವಾ ಮಗಳು ವಿಜ್ಞಾನ ಓದಿದ್ದರೆ ಬಂಧುಗಳು ಕೇಳುವ ಪ್ರಶ್ನೆ ಒಂದೇ: ಡಾಕ್ಟರ್ ಸೀಟು ಸಿಕ್ಕಿತೇ? ಸಿಕ್ಕರೆ ಸಂಭ್ರಮ, ಸಿಗದಿದ್ದರೆ ಮನೆಯಲ್ಲಿ ಸೂತಕದ ಮೌನ. ಆ ಮೌನದಲ್ಲಿಯೇ ಎರಡೆಕರೆ ದ್ರಾಕ್ಷಿ ತೋಟವನ್ನು ಮಾರುವ ಮಾತು ಏಳುತ್ತದೆ, ಇಲ್ಲವೆ ಹೆಣ್ಣುಮಗಳ ಓದನ್ನು ಅಲ್ಲಿಗೇ ನಿಲ್ಲಿಸುವ ಮಾತು ಏಳುತ್ತದೆ. ಈ ವಿಭಾಗದಲ್ಲಿ ರೋಗ, ಪಥ್ಯ, ಔಷಧಗಳನ್ನು ಕುರಿತು ಬರೆಯುತ್ತಾ ಬಂದಿರುವ ನಾವು ಈ ಸಲ ಆರೋಗ್ಯವನ್ನು ಕಾಯುವ ಕಾಯಕಗಳನ್ನು ಕುರಿತು, ಅವುಗಳಿಗೆ ಬೇಕಾದ ಓದನ್ನು ಕುರಿತು ಬರೆಯಲು ಬಯಸುತ್ತೇವೆ. ಅವಸರದಲ್ಲಿ ಮಾಡಿದ ಒಂದು ನಿರ್ಧಾರ ಒಂದು ಕುಟುಂಬವನ್ನು ಹತ್ತು ವರ್ಷ ಸಾಲದಲ್ಲಿ ಇಡಬಲ್ಲುದು. ತಿಳಿದು ಮಾಡಿದ ನಿರ್ಧಾರ ಅದೇ ಕುಟುಂಬವನ್ನು ನೆಲೆಗೆ ನಿಲ್ಲಿಸಬಲ್ಲುದು.

ಒಬ್ಬ ರೋಗಿಯ ಹಿಂದೆ ಎಷ್ಟು ಕೈಗಳು?

ತಿಕೋಟಾ ಸೀಮೆಯ ತೋಟವೊಂದರಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳದೆ ಕೀಟನಾಶಕ ಸಿಂಪಡಿಸಿದ ಕೂಲಿಕಾರನೊಬ್ಬ ಸಂಜೆಗೆ ಕುಸಿದು ಬಿದ್ದನೆಂದು ಊಹಿಸಿಕೊಳ್ಳೋಣ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದು. ಇದು ಆರ್ಗನೋಫಾಸ್ಫೇಟ್ ಜಾತಿಯ ವಿಷದ ಲಕ್ಷಣ. ಸುದ್ದಿ ತಿಳಿಸುವವಳು ಊರಿನ ಆಶಾ ಕಾರ್ಯಕರ್ತೆ. 108 ವಾಹನದಲ್ಲಿ ಬಂದ ತುರ್ತು ಚಿಕಿತ್ಸಾ ಸಿಬ್ಬಂದಿ ಬಟ್ಟೆ ತೆಗೆಸಿ ಮೈ ತೊಳೆಯುತ್ತಾನೆ, ಉಸಿರಾಟ ಕಾಯುತ್ತಾನೆ. ವೈದ್ಯರು ಅಟ್ರೋಪಿನ್ ಚುಚ್ಚುಮದ್ದಿಗೆ ಆದೇಶಿಸುತ್ತಾರೆ. ಗಳಿಗೆ ಗಳಿಗೆಗೂ ನಾಡಿ ನೋಡಿ ಅದನ್ನು ಕೊಡುವವರು ಶುಶ್ರೂಷಕಿಯರು. ರಕ್ತವನ್ನು ಪರೀಕ್ಷಿಸುವವರು ಪ್ರಯೋಗಾಲಯದ ತಂತ್ರಜ್ಞರು. ಔಷಧವನ್ನು ದಾಸ್ತಾನಿಟ್ಟು ಹೊತ್ತಿಗೆ ಒದಗಿಸುವವರು ಫಾರ್ಮಾಸಿಸ್ಟರು. ಕೃತಕ ಉಸಿರಾಟದ ಯಂತ್ರದ ಬಳಿ ನಿಲ್ಲುವವರು ತೀವ್ರ ನಿಗಾ ಘಟಕದ ತಂತ್ರಜ್ಞರು. ದಿನಗಟ್ಟಲೆ ಮಲಗಿ ಸೋತ ಸ್ನಾಯುಗಳಿಗೆ ಮತ್ತೆ ಬಲ ತರುವವರು ಫಿಸಿಯೋಥೆರಪಿಸ್ಟರು. ವಿಷ ಸೇವನೆ ಆಕಸ್ಮಿಕವಲ್ಲದಿದ್ದರೆ ಆಪ್ತಸಮಾಲೋಚಕರೂ ಬೇಕು.

ಇಷ್ಟು ಜನರಲ್ಲಿ ಎಂ.ಬಿ.ಬಿ.ಎಸ್. ಓದಿದವರು ಒಬ್ಬಿಬ್ಬರು. ಉಳಿದವರಲ್ಲಿ ಯಾರೊಬ್ಬರು ತಪ್ಪಿದರೂ ಆ ಜೀವ ಉಳಿಯುವುದು ಕಷ್ಟ. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬ ಮಾತು ಆಸ್ಪತ್ರೆಯಲ್ಲಿ ಕಣ್ಣಿಗೆ ಕಾಣುವಷ್ಟು ಬೇರೆಲ್ಲಿಯೂ ಕಾಣುವುದಿಲ್ಲ.

ವೈದ್ಯ ಪದವಿಗಳು

ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷದ ಓದು, ಬಳಿಕ ಒಂದು ವರ್ಷ ಕಡ್ಡಾಯ ಇಂಟರ್ನ್‌ಷಿಪ್. ದಂತವೈದ್ಯಕೀಯ ಪದವಿಗೆ ಇಂಟರ್ನ್‌ಷಿಪ್ ಸೇರಿ ಐದು ವರ್ಷ. ಆಯುರ್ವೇದದ ಬಿ.ಎ.ಎಂ.ಎಸ್. ಮತ್ತು ಹೋಮಿಯೋಪಥಿಯ ಬಿ.ಎಚ್.ಎಂ.ಎಸ್. ಐದೂವರೆ ವರ್ಷದವು. ಈ ನಾಲ್ಕಕ್ಕೂ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದಿರಬೇಕು. ಆಯುರ್ವೇದಕ್ಕೆ ನೀಟ್ ಬೇಕಿಲ್ಲವೆಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ, ಅದು ಸರಿಯಲ್ಲ. 720 ಅಂಕಗಳ ಈ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ ಸೇರುತ್ತವೆ, ತಪ್ಪುತ್ತರಕ್ಕೆ ಒಂದು ಅಂಕ ಕಳೆಯುತ್ತದೆ. ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿಯೂ ಪಡೆಯಬಹುದೆಂಬುದನ್ನು ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ನೆನಪಿಡಬೇಕು. ರಾಜ್ಯದ ಸೀಟುಗಳ ಹಂಚಿಕೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ.

ವಿಜಯಪುರ ಈ ವಿಷಯದಲ್ಲಿ ಭಾಗ್ಯಶಾಲಿ ನಗರ. ಫ.ಗು. ಹಳಕಟ್ಟಿಯವರಂಥ ಹಿರಿಯರು 1910ರಲ್ಲಿ ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆ ಶಾಲೆಯಿಂದ ಆರಂಭವಾಗಿ 1986ರಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯುವವರೆಗೆ ಬೆಳೆಯಿತು. ಅದಕ್ಕೆ ಎರಡು ವರ್ಷ ಮೊದಲೇ ಅಲ್ ಅಮೀನ್ ವೈದ್ಯಕೀಯ ಕಾಲೇಜು ಇಲ್ಲಿ ತಲೆಯೆತ್ತಿತ್ತು. ಶುಶ್ರೂಷೆ, ಔಷಧ ವಿಜ್ಞಾನ, ಆಯುರ್ವೇದ, ದಂತವೈದ್ಯಕೀಯಗಳ ಓದೂ ಊರಲ್ಲಿಯೇ ಇದೆ. ತಿಕೋಟಾ, ಬಬಲೇಶ್ವರಗಳಿಂದ ನಗರಕ್ಕೆ ಬಸ್ಸಿನಲ್ಲಿ ದಿನವೂ ಬಂದುಹೋಗಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾಗಿರುವುದರಿಂದ, ದೂರದ ನೆಪದಲ್ಲಿ ಮಗಳ ಓದು ನಿಲ್ಲಿಸುವುದಕ್ಕೆ ಈಗ ಕಾರಣ ಉಳಿದಿಲ್ಲ.

ಶುಶ್ರೂಷೆಯ ಮೂರು ಮೆಟ್ಟಿಲು

ಶುಶ್ರೂಷೆಗೆ ನೀಟ್ ಬೇಕಿಲ್ಲ. ಇಲ್ಲಿ ಮೂರು ಮೆಟ್ಟಿಲುಗಳಿವೆ. ಎ.ಎನ್.ಎಂ. ಎರಡು ವರ್ಷದ್ದು, ಪಿಯುಸಿಯಲ್ಲಿ ಯಾವ ವಿಭಾಗ ಓದಿದವರಾದರೂ ಸೇರಬಹುದು. ಗ್ರಾಮದ ಉಪಕೇಂದ್ರದಲ್ಲಿ ಲಸಿಕೆ ಹಾಕುವ, ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ ಸಿಸ್ಟರ್ ಓದಿರುವುದು ಇದನ್ನೇ. ಜಿ.ಎನ್.ಎಂ. ಮೂರು ವರ್ಷದ್ದು, ಇಂಗ್ಲಿಷ್ ವಿಷಯ ಸಹಿತ ಪಿಯುಸಿಯಲ್ಲಿ ಶೇ. 40 ಅಂಕ ಪಡೆದ ಕಲಾ, ವಾಣಿಜ್ಯ ವಿದ್ಯಾರ್ಥಿಗಳೂ ಅರ್ಹರು. ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಇದಕ್ಕೆ ಭೌತ, ರಸಾಯನ, ಜೀವಶಾಸ್ತ್ರಗಳ ಪಿಯುಸಿ ಬೇಕು, ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ ಬೇಕು.

ಒಂದು ಮೆಟ್ಟಿಲಲ್ಲಿ ನಿಂತವರು ಅಲ್ಲಿಯೇ ನಿಲ್ಲಬೇಕಾಗಿಲ್ಲ. ಜಿ.ಎನ್.ಎಂ. ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಓದಿನಿಂದ ಪದವೀಧರರಾಗಬಹುದು, ಮುಂದೆ ಎಂ.ಎಸ್‌ಸಿ. ಮಾಡಿ ಬೋಧಕರಾಗಬಹುದು. ಹಳ್ಳಿಗಳ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ನೋಡುವ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಹೆಚ್ಚಿನವರು ಬಿ.ಎಸ್‌ಸಿ. ನರ್ಸಿಂಗ್ ಓದಿದವರೇ. ಗಂಡುಮಕ್ಕಳು ಈ ಓದಿಗೆ ಹಿಂಜರಿಯುತ್ತಾರೆ. ಆದರೆ ತೀವ್ರ ನಿಗಾ ಘಟಕ, ಅಪಘಾತ ವಿಭಾಗಗಳಲ್ಲಿ ಪುರುಷ ಶುಶ್ರೂಷಕರು ಈಗ ಸಾಮಾನ್ಯ.

ಔಷಧ, ಪ್ರಯೋಗಾಲಯ, ಯಂತ್ರ

ಔಷಧದಂಗಡಿಯ ಪರವಾನಗಿಗೆ ನೋಂದಾಯಿತ ಫಾರ್ಮಾಸಿಸ್ಟ್ ಇರಲೇಬೇಕು. ಅದಕ್ಕೆ ಕನಿಷ್ಠ ಓದು ಡಿ.ಫಾರ್ಮಾ: ಎರಡು ವರ್ಷದ ತರಗತಿ, ಜೊತೆಗೆ 500 ಗಂಟೆಗಳ ಪ್ರಾಯೋಗಿಕ ತರಬೇತಿ. ವಿಜ್ಞಾನ ಪಿಯುಸಿಯಲ್ಲಿ ಜೀವಶಾಸ್ತ್ರದ ಬದಲು ಗಣಿತ ಓದಿದವರಿಗೂ ಈ ಬಾಗಿಲು ತೆರೆದಿದೆ. ಬಿ.ಫಾರ್ಮಾ ನಾಲ್ಕು ವರ್ಷದ್ದು. ಸಿಇಟಿ ಮೂಲಕ ಪ್ರವೇಶ. ಡಿ.ಫಾರ್ಮಾ ಮುಗಿಸಿದವರು ಬಿ.ಫಾರ್ಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಫಾರ್ಮ್.ಡಿ. ಆರು ವರ್ಷದ್ದು. ಹುಟ್ಟೂರಿನಲ್ಲಿಯೇ ಅಂಗಡಿಯಿಟ್ಟು ಮರ್ಯಾದೆಯಿಂದ ಬಾಳಬೇಕೆನ್ನುವವರಿಗೆ ಇದು ಒಳ್ಳೆಯ ಹಾದಿ.

ಪ್ರಯೋಗಾಲಯ, ಎಕ್ಸ್‌ರೇ, ಡಯಾಲಿಸಿಸ್, ಶಸ್ತ್ರಚಿಕಿತ್ಸಾ ಕೊಠಡಿ, ಅರಿವಳಿಕೆ, ನೇತ್ರ ಪರೀಕ್ಷೆ ಇವುಗಳ ತಂತ್ರಜ್ಞರಾಗಲು ಎರಡು ದಾರಿಗಳಿವೆ. ಒಂದು, ವಿಜ್ಞಾನ ಪಿಯುಸಿಯ ನಂತರ ಬಿ.ಎಸ್‌ಸಿ. ಪದವಿ. ಇನ್ನೊಂದು, ಕರ್ನಾಟಕ ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾ. ಇದು ವಿಜ್ಞಾನ ಪಿಯುಸಿ ಓದಿದವರಿಗೆ ಎರಡು ವರ್ಷ, ಎಸ್.ಎಸ್.ಎಲ್.ಸಿ. ಓದಿದವರಿಗೆ ಮೂರು ವರ್ಷ ಎಂಬುದು ಬಹುಕಾಲದಿಂದ ನಡೆದುಬಂದ ಕ್ರಮ. ಈ ವೃತ್ತಿಗಳಿಗಾಗಿಯೇ 2021ರಲ್ಲಿ ಕೇಂದ್ರ ಕಾಯ್ದೆ ಬಂದಿದ್ದು, ಪಠ್ಯ ಮತ್ತು ಅರ್ಹತೆಯ ನಿಯಮಗಳು ದೇಶಕ್ಕೆಲ್ಲ ಒಂದೇ ಆಗುತ್ತಿವೆ. ಆದುದರಿಂದ ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನು ಓದಿಯೇ ಅರ್ಜಿ ಹಾಕುವುದು ಲೇಸು. ಫಿಸಿಯೋಥೆರಪಿ ಪದವಿಗೆ ನಾಲ್ಕು ವರ್ಷದ ಓದಿನ ಮೇಲೆ ಇಂಟರ್ನ್‌ಷಿಪ್ ಇದೆ.

ವಿಜ್ಞಾನ ಓದದವರಿಗೆ

ಕಲಾ ವಿಭಾಗದ ಮಕ್ಕಳಿಗೆ ಆರೋಗ್ಯ ಕ್ಷೇತ್ರ ಮುಚ್ಚಿಲ್ಲ. ಎ.ಎನ್.ಎಂ., ಜಿ.ಎನ್.ಎಂ.ಗಳನ್ನು ಮೇಲೆ ಹೇಳಿದ್ದೇವೆ. ಪದವಿಯ ನಂತರ ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ. ಮಾಡಿದವರು ಆಸ್ಪತ್ರೆಗಳಲ್ಲಿ, ಕ್ಷಯ ಮತ್ತು ಎಚ್.ಐ.ವಿ. ನಿಯಂತ್ರಣದ ಕಾರ್ಯಗಳಲ್ಲಿ ಸಮಾಲೋಚಕರಾಗುತ್ತಾರೆ. ಮನಃಶಾಸ್ತ್ರ ಓದಿದವರ ಅಗತ್ಯ ದಿನದಿನಕ್ಕೆ ಹೆಚ್ಚುತ್ತಿದೆ. ತೊರವಿಯಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ನಮ್ಮ ಹೆಣ್ಣುಮಕ್ಕಳಿಗೆ ಸ್ನಾತಕೋತ್ತರ ಓದಿನ ಮನೆಬಾಗಿಲು.

ಹತ್ತನೆಯ ತರಗತಿಯವರೆಗೆ ಓದಿ, ಮದುವೆಯಾಗಿ ಊರಲ್ಲಿ ನೆಲೆಸಿದ ತಾಯಂದಿರಿಗೆ ಆಶಾ ಕಾರ್ಯಕರ್ತೆಯ ಸೇವೆಯಿದೆ. ಸಾಮಾನ್ಯವಾಗಿ ಸಾವಿರ ಜನಸಂಖ್ಯೆಗೆ ಒಬ್ಬರು, 25ರಿಂದ 45 ವರ್ಷದವರು, ಅದೇ ಊರಿನವರು. ಇದು ಸಂಬಳದ ನೌಕರಿಯಲ್ಲ, ಗೌರವಧನ ಮತ್ತು ಪ್ರೋತ್ಸಾಹಧನದ ಸೇವೆ ಎಂಬುದನ್ನು ತಿಳಿದು ಸೇರಬೇಕು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಒಟ್ಟಾಗಿ ಗೌರವಿಸಿತು.

ದಾಖಲೆಗಳಲ್ಲಿ ಎಚ್ಚರ

ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ರಾಜ್ಯದ ಸೀಟುಗಳಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು ಇದೆ. ತಿಕೋಟಾ, ಬಬಲೇಶ್ವರಗಳ ಹಳ್ಳಿಶಾಲೆಗಳ ಮಕ್ಕಳಿಗೆ ಇದು ದೊಡ್ಡ ಆಸರೆ. ಆದರೆ ಮುಖ್ಯೋಪಾಧ್ಯಾಯರ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಇಲ್ಲದಿದ್ದರೆ, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ ಹೊತ್ತಿಗೆ ಕೈಸೇರದಿದ್ದರೆ, ಅರ್ಹತೆಯಿದ್ದೂ ಸೀಟು ಕೈತಪ್ಪುತ್ತದೆ. ದ್ವಿತೀಯ ಪಿಯುಸಿಯ ದಸರೆ ರಜೆಯಲ್ಲಿಯೇ ಇವನ್ನೆಲ್ಲ ಸಿದ್ಧಪಡಿಸಿಡುವುದು ಜಾಣತನ.

ಇನ್ನೊಂದು ಮಾತು. ನೆರೆಯ ಕಲಬುರಗಿ, ಯಾದಗಿರಿ ಜಿಲ್ಲೆಗಳ ಬಂಧುಗಳ ಮಕ್ಕಳಿಗೆ 371(ಜೆ) ವಿಧಿಯ ಮೀಸಲಾತಿ ದೊರೆಯುವುದನ್ನು ಕಂಡು ನಮಗೂ ಅದು ಇದೆಯೆಂದು ಕೆಲವರು ಭಾವಿಸುತ್ತಾರೆ. ವಿಜಯಪುರ ಜಿಲ್ಲೆ ಬೆಳಗಾವಿ ವಿಭಾಗಕ್ಕೆ ಸೇರಿದ್ದು, ಆ ಸವಲತ್ತಿನ ವ್ಯಾಪ್ತಿಗೆ ಬರುವುದಿಲ್ಲ. ಲೆಕ್ಕಾಚಾರವನ್ನು ಅದರ ಮೇಲೆ ಕಟ್ಟಬಾರದು.

ಹಣ, ಹೊಲ ಮತ್ತು ಮಧ್ಯವರ್ತಿ

ಹೊಲ ಮಾರುವ ಮುನ್ನ ಬ್ಯಾಂಕಿನ ಮೆಟ್ಟಿಲು ಹತ್ತಿ ನೋಡಿರಿ. ಅರ್ಹ ಶಿಕ್ಷಣ ಸಾಲಗಳಿಗೆ 7.5 ಲಕ್ಷ ರೂಪಾಯಿಯವರೆಗೆ ಕೇಂದ್ರ ಸರ್ಕಾರದ ಖಾತರಿ ನಿಧಿಯಿದ್ದು, ಆಸ್ತಿಯ ಒತ್ತೆ ಬೇಕಾಗುವುದಿಲ್ಲ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್.ಎಸ್.ಪಿ. ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದು.

ಫಲಿತಾಂಶದ ಹೊತ್ತಿಗೆ ಮಧ್ಯವರ್ತಿಗಳು ಮನೆ ಹುಡುಕಿಕೊಂಡು ಬರುತ್ತಾರೆ. ಹಾಜರಾತಿ ಬೇಡ, ಪರೀಕ್ಷೆಗೆ ಬಂದರೆ ಸಾಕು ಎನ್ನುವ ನರ್ಸಿಂಗ್ ಅಥವಾ ಡಿ.ಫಾರ್ಮಾ ಸೀಟು ಎಷ್ಟು ಅಗ್ಗವಾದರೂ ಬೇಡ. ಮಾನ್ಯತೆಯಿಲ್ಲದ ಕಾಲೇಜಿನ ಪ್ರಮಾಣಪತ್ರಕ್ಕೆ ನೋಂದಣಿ ದೊರೆಯದು, ನೋಂದಣಿಯಿಲ್ಲದೆ ನೌಕರಿಯಿಲ್ಲ. ಓದದೆ ಪಾಸಾದವನ ಕೈಗೆ ಮುಂದೆ ರೋಗಿಯ ಜೀವ ಸಿಗುತ್ತದೆಂಬುದನ್ನೂ ಮರೆಯಬಾರದು. ವೈದ್ಯಕೀಯಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ, ಶುಶ್ರೂಷೆಗೆ ಭಾರತೀಯ ಮತ್ತು ರಾಜ್ಯ ನರ್ಸಿಂಗ್ ಪರಿಷತ್ತುಗಳು, ಔಷಧಕ್ಕೆ ಭಾರತೀಯ ಫಾರ್ಮಸಿ ಪರಿಷತ್ತು ಮಾನ್ಯತೆಯ ಪಟ್ಟಿ ಪ್ರಕಟಿಸುತ್ತವೆ. ಪಟ್ಟಿಯಲ್ಲಿ ಹೆಸರು ನೋಡದೆ ಒಂದು ರೂಪಾಯಿಯನ್ನೂ ಕೊಡಬಾರದು. ಮೂಲ ಅಂಕಪಟ್ಟಿಯನ್ನು ಮಧ್ಯವರ್ತಿಯ ಕೈಗೆ ಒಪ್ಪಿಸಬಾರದು.

ವಿದೇಶದ ವೈದ್ಯಕೀಯ ಓದಿಗೂ ನೀಟ್ ಅರ್ಹತೆ ಬೇಕು. 2021ರ ನಿಯಮದಂತೆ ಅಲ್ಲಿನ ಓದು ಕನಿಷ್ಠ 54 ತಿಂಗಳದ್ದಾಗಿದ್ದು ಇಂಗ್ಲಿಷಿನಲ್ಲಿ ನಡೆದಿರಬೇಕು. ಮರಳಿ ಬಂದವರು ಇಲ್ಲಿ ಅರ್ಹತಾ ಪರೀಕ್ಷೆ ಪಾಸಾಗಿ ಇಂಟರ್ನ್‌ಷಿಪ್ ಮುಗಿಸಬೇಕು. 2022ರ ಮಾರ್ಚ್ ತಿಂಗಳಲ್ಲಿ ಉಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯೊಬ್ಬ ಯುದ್ಧಕ್ಕೆ ಬಲಿಯಾದಾಗ, ನಮ್ಮ ಮಕ್ಕಳು ಎಷ್ಟು ದೂರ ಹೋಗುತ್ತಿದ್ದಾರೆಂಬುದು ನಾಡಿಗೆಲ್ಲ ಅರಿವಾಯಿತು.

ಮಗುವಿನ ಮನಸ್ಸು

ಕೊನೆಗೆ, ಓದಬೇಕಾದವರು ಮಕ್ಕಳು. ರಕ್ತ ಕಂಡರೆ ತಲೆ ಸುತ್ತುವವರು, ರಾತ್ರಿ ಪಾಳಿ ತಾಳಲಾರದವರು ಪ್ರಯೋಗಾಲಯದಲ್ಲಿಯೋ ಔಷಧ ತಯಾರಿಕೆಯಲ್ಲಿಯೋ ಸುಖವಾಗಿರಬಹುದು. ಜನರೊಡನೆ ಮಾತಾಡುವ ಸ್ವಭಾವದವರಿಗೆ ಶುಶ್ರೂಷೆ, ಸಮಾಲೋಚನೆ ಒಗ್ಗುತ್ತವೆ. ಬೇಸಿಗೆ ರಜೆಯಲ್ಲಿ ವೈದ್ಯಾಧಿಕಾರಿಗಳ ಅನುಮತಿ ಪಡೆದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದೆರಡು ದಿನ ಕುಳಿತು ನೋಡಿದರೆ, ಹತ್ತು ಜನರ ಸಲಹೆಗಿಂತ ಹೆಚ್ಚು ತಿಳಿಯುತ್ತದೆ.

ನೀಟ್ ಎರಡನೆಯ ಸಲ, ಮೂರನೆಯ ಸಲ ಬರೆಯುವುದು ತಪ್ಪಲ್ಲ. ಆದರೆ ಎಷ್ಟು ಸಲ, ಎಷ್ಟು ಖರ್ಚಿನಲ್ಲಿ ಎಂಬುದನ್ನು ಮೊದಲೇ ಕುಳಿತು ಮಾತಾಡಿ ನಿಶ್ಚಯಿಸಬೇಕು. ಆಗದಿದ್ದರೆ ಹಿಡಿಯುವ ಎರಡನೆಯ ಹಾದಿಯನ್ನೂ ಅದೇ ದಿನ ಗೊತ್ತುಮಾಡಬೇಕು. ನೆರೆಮನೆಯ ಮಗುವಿನ ಅಂಕದೊಡನೆ ಹೋಲಿಸುವ ಮಾತು ಬಾಯಿಗೆ ಬಂದಾಗ ಹೆತ್ತವರು ಅದನ್ನು ನುಂಗಿಕೊಳ್ಳುವುದೇ ಔಷಧ. ಮಗು ಊಟ ಬಿಟ್ಟರೆ, ನಿದ್ದೆಗೆಟ್ಟರೆ, ಬದುಕಿ ಫಲವಿಲ್ಲವೆಂಬ ಮಾತಾಡಿದರೆ ಒಂಟಿಯಾಗಿ ಬಿಡದೆ ಜೊತೆಗಿರಬೇಕು. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿ ಮಾತಾಡುತ್ತದೆ.

ಹನ್ನೆರಡನೆಯ ಶತಮಾನದ ಶರಣರ ನಡುವೆ ವೈದ್ಯ ಸಂಗಣ್ಣನೂ ಇದ್ದ. ಕಟ್ಟಿಗೆ ಮಾರುವವನೂ, ಬಟ್ಟೆ ಮಡಿಮಾಡುವವನೂ ಅವನ ಪಕ್ಕದಲ್ಲಿ ಸರಿಸಮನಾಗಿ ಕುಳಿತಿದ್ದರು. ನಮ್ಮ ಮನೆಗಳಲ್ಲಿ ಡಾಕ್ಟರಾಗುವ ಮಗಳಿಗೂ ಪ್ರಯೋಗಾಲಯದಲ್ಲಿ ದುಡಿಯುವ ಮಗನಿಗೂ ಒಂದೇ ಆದರ ದೊರೆತರೆ, ಈ ಜೂನ್ ತಿಂಗಳ ಕಳವಳ ಅರ್ಧಕ್ಕರ್ಧ ಕಡಿಮೆಯಾದೀತೆಂದು ನಾವು ನಂಬುತ್ತೇವೆ.