ದೊಡ್ಡ ಫ್ರೇಮು ಮತ್ತು ಅದರ ಅಳತೆ

ಇತಿಹಾಸದವರು ಗಣಕಜಾಲದ ಮಾತೆತ್ತುವುದು ವಿಚಿತ್ರವೆನಿಸಬಹುದು. ಆದರೆ ಅಳತೆಗಳ ಚರಿತ್ರೆ ನಮಗೆ ಹೊರಗಿನದಲ್ಲ. 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಸಂಸ್ಥೆಗಳು ಹೊರಡಿಸಿದ ಈಥರ್ನೆಟ್ ನಿಯಮದಂತೆ ಒಂದು ಫ್ರೇಮು ಹೊರಬಲ್ಲ ಸರಕು 1500 ಬೈಟು. ಶಿರೋಭಾಗವೂ ತಾಳೆ ನೋಡುವ ಅಂಕೆಯೂ ಸೇರಿ 1518. ಮುಂದೆ ಬಂದ ‘ಜಂಬೊ’ ಫ್ರೇಮು ಸುಮಾರು 9000 ಬೈಟು ಹೊರುತ್ತದೆ. 10 ಗಿಗಾಬಿಟ್ ವೇಗದ ತಂತಿಯಲ್ಲಿ ಸೆಕೆಂಡಿಗೆ ಹಳೆಯ ತುಂಬಿದ ಫ್ರೇಮುಗಳು 8 ಲಕ್ಷಕ್ಕೂ ಮಿಕ್ಕಿ ಬರುತ್ತವೆ. ಜಂಬೊ ಆದರೆ 1.4 ಲಕ್ಷವೂ ಇಲ್ಲ. ಎಣಿಕೆ ಇಳಿದಷ್ಟೂ ಪ್ರೊಸೆಸರಿಗೆ ಬಿಡುವು.

ತೊಡಕಿರುವುದು ಪಾತ್ರೆಯಲ್ಲಿ. ಡಿಪಿಡಿಕೆ ಎಂಬ ತಂತ್ರಾಂಶವು ಕರ್ನೆಲಿನ ಹಾದಿಯನ್ನು ಬಿಟ್ಟು, ಪ್ಯಾಕೆಟುಗಳನ್ನು ಮೊದಲೇ ಕಾದಿರಿಸಿದ ಸ್ಮೃತಿಕೋಶಗಳಿಗೆ ನೇರವಾಗಿ ಇಳಿಸುತ್ತದೆ. ಒಂದೊಂದು ಕೋಶದಲ್ಲಿ ರೂಢಿಯಂತೆ ಸಿಕ್ಕುವ ಜಾಗ 2048 ಬೈಟು. ಆದುದರಿಂದ ಜಂಬೊ ಫ್ರೇಮು ಐದು ಕೋಶಗಳಲ್ಲಿ ಹಂಚಿಹೋಗಿ ಸರಪಣಿಯಾಗುತ್ತದೆ. ಮೊದಲ ಕೋಶವನ್ನೇ ಇಡಿಯ ಪ್ಯಾಕೆಟೆಂದು ಬಗೆದ ಪ್ರೋಗ್ರಾಮು ಉಳಿದ ನಾಲ್ಕನ್ನು ಕಾಣದು. ಕೋಶವನ್ನೇ ಹಿಗ್ಗಿಸಿದರೆ 64 ಬೈಟಿನ ಪುಟ್ಟ ಫ್ರೇಮಿಗೂ ಅಷ್ಟೇ ದೊಡ್ಡ ಜಾಗ ವ್ಯಯವಾಗುವುದು.

ನಮ್ಮ ಕುತೂಹಲವನ್ನು ಹೆಚ್ಚು ಸೆಳೆದುದು ಇನ್ನೊಂದು ಸಂಗತಿ. ಬಹುಕಾಲ ಇಲ್ಲಿ ಎರಡು ಅಳತೆಗಳು ಜೊತೆಜೊತೆಗೆ ನಡೆದುವು: ಫ್ರೇಮಿನ ಪೂರ್ಣ ಉದ್ದವೊಂದು, ಸರಕಿನ ಮಿತಿಯೊಂದು. ನಡುವಣ ಅಂತರವನ್ನು (ಶಿರೋಭಾಗಕ್ಕೆ 14, ತಾಳೆಗೆ 4, ವಿಲ್ಯಾನ್ ಗುರುತಿದ್ದರೆ ಮತ್ತೆ 4) ಬೇರೆ ಬೇರೆ ಕಾರ್ಡುಗಳ ಡ್ರೈವರುಗಳು ಬೇರೆ ಬೇರೆಯಾಗಿ ಎಣಿಸುತ್ತಿದ್ದುವು. ಊರಿಗೊಂದು ಸೇರು ಇದ್ದ ಕಾಲದಂತೆ. 2021ರ ನವೆಂಬರ್ ಆವೃತ್ತಿಯಲ್ಲಿ ಪೂರ್ಣ ಉದ್ದದ ಅಳತೆಯನ್ನೂ ‘ಜಂಬೊ’ ಎಂಬ ಪ್ರತ್ಯೇಕ ಸೂಚನೆಯನ್ನೂ ಕೈಬಿಟ್ಟು ಸರಕಿನ ಮಿತಿಯೊಂದನ್ನೇ ಉಳಿಸಲಾಯಿತು. ಹಿಂದೆ 9018 ಎಂದು ಬರೆಯುತ್ತಿದ್ದವರು ಈಗ 9000 ಎಂದೇ ಬರೆಯತಕ್ಕದ್ದು.