ಒದ್ದೆ ಫೋನಿನೊಳಗಿನ ಕಿಲುಬು

ಶ್ರಾವಣದ ಮಳೆಯಲ್ಲಿ ತೀರ್ಥಹಳ್ಳಿ ಕಡೆಯ ತೋಟದ ಬಸಿಗಾಲುವೆಗೆ ಅಕ್ಕನ ಫೋನು ಬಿತ್ತು. ಕೆಸರಿನಲ್ಲಿ ಕೈಯಾಡಿಸಿ ಹುಡುಕಿ ತೆಗೆಯುವ ಹೊತ್ತಿಗೆ ಐದಾರು ನಿಮಿಷ ಕಳೆದಿತ್ತು. ಸೆರಗಿನಲ್ಲಿ ಒರೆಸಿ ನೋಡಿದರೆ ಪರದೆ ಬೆಳಗಿತು. ರಾತ್ರಿ ಅದೇ ಫೋನಿನಿಂದ ಕರೆ ಮಾಡಿ, "ಏನೂ ಆಗ್ಲಿಲ್ಲ ಮಾರಾಯ, ಗಟ್ಟಿ ಫೋನು" ಅಂದಳು. ಮಲಗುವಾಗ ಚಾರ್ಜಿಗೆ ಹಾಕಿದಳು. ಮೂರನೆಯ ದಿನ ಬೆಳಿಗ್ಗೆ ಅದು ಏಳಲಿಲ್ಲ. ಆಮೇಲೆ ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಿದ್ದಳು. ನನ್ನ ಕೈಗೆ ಬಂದದ್ದು ಅದರ ನಂತರ.

ಹೊತ್ತಿಕೊಂಡರೆ ಬದುಕಿತು, ಹೊತ್ತಿಕೊಳ್ಳದಿದ್ದರೆ ಸತ್ತಿತು ಎಂದು ನಾವು ಲೆಕ್ಕ ಹಾಕುತ್ತೇವೆ. ಫೋನಿನೊಳಗೆ ನಡೆಯುವುದು ಬೇರೆಯದೇ ಕತೆ, ಮತ್ತು ಅದು ನಿಧಾನವಾಗಿ ನಡೆಯುತ್ತದೆ.

ಶುದ್ಧ ನೀರಿನಲ್ಲಿ ವಿದ್ಯುತ್ತು ಹರಿಯುವುದೇ ಕಷ್ಟ. ಅದನ್ನು ಹರಿಸುವುದು ನೀರಿನಲ್ಲಿ ಕರಗಿದ ಲವಣ. ಆದ್ದರಿಂದ ಫೋನು ಯಾವ ನೀರಿಗೆ ಬಿತ್ತು ಎಂಬುದು ಮೊದಲ ಪ್ರಶ್ನೆ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದು ನಲ್ಲಿ ನೀರಿಗಿಂತ ಹೆಚ್ಚುಕಡಿಮೆ ನೂರು ಪಟ್ಟು ಸರಾಗವಾಗಿ ವಿದ್ಯುತ್ತನ್ನು ಹರಿಸುತ್ತದೆ. ಮಲ್ಪೆಯ ಅಲೆಗೆ ಸಿಕ್ಕ ಫೋನಿಗೂ ಬಚ್ಚಲಿನ ಬಕೆಟ್ಟಿಗೆ ಬಿದ್ದ ಫೋನಿಗೂ ಒಂದೇ ಭವಿಷ್ಯ ಹೇಳಲಾಗದು. ಅಕ್ಕನ ಬಸಿಗಾಲುವೆಯ ನೀರಿನಲ್ಲಿ ಗೊಬ್ಬರ, ಸುಣ್ಣ, ಮಣ್ಣು ಎಲ್ಲವೂ ಇತ್ತು.

ಎರಡನೆಯದು ಕರೆಂಟು. ನೀರಿನ ಅಣುವನ್ನು ಒಡೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು. ಫೋನಿನ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 3.8 ವೋಲ್ಟ್ ಇರುತ್ತದೆ. ಒದ್ದೆ ಬೋರ್ಡಿಗೆ ಇಷ್ಟು ಸಿಕ್ಕರೆ ಶಾಲೆಯ ಪ್ರಯೋಗಾಲಯದ ವಿದ್ಯುದ್ವಿಭಜನೆ ಅಂಗೈಯೊಳಗೇ ಶುರುವಾಗುತ್ತದೆ. ಧನ ತುದಿಯ ತಾಮ್ರ ಕರಗಿ ಅಯಾನುಗಳಾಗಿ ನೀರಿಗಿಳಿಯುತ್ತದೆ, ಋಣ ತುದಿಗೆ ಹೋಗಿ ಅಂಟುತ್ತದೆ. ಒಂದು ಕಡೆ ಬೋರ್ಡಿನ ತಾಮ್ರದ ಗೆರೆ ಸವೆದು ತುಂಡಾಗುತ್ತದೆ, ಇನ್ನೊಂದು ಕಡೆ ಬೇರಿನ ಹಾಗೆ ಲೋಹದ ಎಳೆ ಬೆಳೆದು ಪಕ್ಕದ ಗೆರೆಯನ್ನು ಮುಟ್ಟುತ್ತದೆ. ಮುಟ್ಟಿದ ಗಳಿಗೆಯಲ್ಲಿ ಶಾರ್ಟ್. ಫೋನನ್ನು ಸ್ವಿಚ್ ಆಫ್ ಮಾಡಿದರೂ ಬ್ಯಾಟರಿ ಜೋಡಿಸಿಯೇ ಇರುವುದರಿಂದ ಬೋರ್ಡಿನ ಕೆಲವು ಗೆರೆಗಳಲ್ಲಿ ಆ ಒತ್ತಡ ಇದ್ದೇ ಇರುತ್ತದೆ. ಆಫ್ ಮಾಡುವುದರಿಂದ ಹಾನಿಯ ವೇಗ ತಗ್ಗುತ್ತದೆ, ಹಾನಿ ನಿಲ್ಲುವುದಿಲ್ಲ. ಚಾರ್ಜರ್ ಚುಚ್ಚಿದರೆ ಅದೇ ಗೆರೆಗಳಿಗೆ ಇನ್ನಷ್ಟು ಒತ್ತಡ ಕೊಟ್ಟಂತೆ. ಅಕ್ಕನ ಫೋನಿಗೆ ಹೆಚ್ಚು ಪೆಟ್ಟು ಬಿದ್ದದ್ದು ಆ ರಾತ್ರಿಯೇ ಎಂದು ನನ್ನ ನಂಬಿಕೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಪುಟ್ಟ ಅಂಗಡಿಯಲ್ಲಿ ಅದನ್ನು ಬಿಚ್ಚುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಹುಡುಗ ಮೊದಲು ಸಿಮ್ ಟ್ರೇ ಎಳೆದು, ಟಾರ್ಚು ಬಿಟ್ಟು ಒಳಗೆ ನೋಡಿದ. ಬೆಳ್ಳಗಿರಬೇಕಾದ ಪುಟ್ಟ ಚೀಟಿಯೊಂದು ಕೆಂಪಗಾಗಿತ್ತು. ನೀರು ತಾಕಿದರೆ ಬಣ್ಣ ಬದಲಿಸುವ ಇಂಥ ಗುರುತನ್ನು ಕಂಪನಿಗಳು ಫೋನಿನೊಳಗೆ ಅಂಟಿಸಿರುತ್ತವೆ. ಅದು ಕೆಂಪಾಗಿದ್ದರೆ ವಾರಂಟಿಯ ಆಸೆ ಬಿಡಬೇಕು. ಆಮೇಲೆ ಅವನು ಹಿಂಬದಿಯನ್ನು ಬಿಸಿಮಾಡಿ, ಗೋಂದು ಸಡಿಲಿಸಿ, ಬೇರೇನನ್ನೂ ಮುಟ್ಟುವ ಮೊದಲು ಬ್ಯಾಟರಿಯ ಕನೆಕ್ಟರ್ ಎಬ್ಬಿಸಿದ. ಬೋರ್ಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, "ನೋಡಿ ಸಾರ್" ಎಂದು ಜಾಗ ಬಿಟ್ಟುಕೊಟ್ಟ.

ಚಾರ್ಜಿಂಗ್ ಪೋರ್ಟಿನ ಸುತ್ತ ಹಸಿರು ಹೂತಂತಿತ್ತು. ಅಜ್ಜಿಮನೆಯ ಅಟ್ಟದಲ್ಲಿ ಬಿಟ್ಟ ತಾಮ್ರದ ಕೊಡಕ್ಕೆ ಹಿಡಿಯುವ ಅದೇ ಕಿಲುಬು. ಅದರ ನಡುವೆ ಅಕ್ಕಿಯ ನುಚ್ಚೊಂದು ಸಿಕ್ಕಿಕೊಂಡು ಉಬ್ಬಿ ಕೂತಿತ್ತು. ಆಚೆಗೆ ಕೆಪಾಸಿಟರುಗಳ ಸಾಲು. ಒಂದೊಂದೂ 0.6 ಮಿಲಿಮೀಟರ್ ಉದ್ದ, 0.3 ಮಿಲಿಮೀಟರ್ ಅಗಲ. ರಾಗಿ ಕಾಳೇ ಅದಕ್ಕಿಂತ ದೊಡ್ಡದು. ಎರಡರ ಕಾಲು ಕರಗಿಹೋಗಿತ್ತು.

ಆ ನುಚ್ಚಿನ ಮಾತು ಹೇಳಲೇಬೇಕು. ಅಕ್ಕಿ ತನ್ನ ಸುತ್ತಲ ಗಾಳಿಯ ತೇವವನ್ನು ಅಷ್ಟಿಷ್ಟು ಹೀರೀತು, ಬೋರ್ಡಿನ ಮೇಲಿನ ಲೋಹದ ಕವಚದೊಳಗೆ, ಚಿಪ್ಪುಗಳ ಅಡಿಯ ಕೂದಲೆಳೆಯಷ್ಟು ಸಂದಿನಲ್ಲಿ ನಿಂತ ನೀರನ್ನು ಎಳೆಯಲಾರದು. ಎಳೆಯಿತು ಎಂದೇ ಇಟ್ಟುಕೊಳ್ಳಿ, ನೀರು ಆರಿದ ಮೇಲೂ ಲವಣ ಅಲ್ಲೇ ಉಳಿಯುತ್ತದೆ. ಮಲೆನಾಡಿನ ಮಳೆಗಾಲದ ಗಾಳಿಗೆ ಆ ಲವಣ ಮತ್ತೆ ನೀರು ಕುಡಿಯುತ್ತದೆ, ಕಿಲುಬು ಮುಂದುವರಿಯುತ್ತದೆ. ಫೋನನ್ನು ಅಕ್ಕಿಯಲ್ಲಿ ಇಡಬೇಡಿ, ಅದರ ಚೂರುಗಳಿಂದ ಹಾನಿಯಾಗಬಹುದು ಎಂದು ಆ್ಯಪಲ್ ಕಂಪನಿಯೇ 2024ರಲ್ಲಿ ತನ್ನ ಸಲಹೆಯಲ್ಲಿ ಹೇಳಿದೆ. ಕೂಡಲೇ ಆಫ್ ಮಾಡಿ, ಸಿಮ್ ಟ್ರೇ ತೆಗೆದು, ಪೋರ್ಟು ಕೆಳಮುಖವಾಗಿ ಹಿಡಿದು ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗಿಡಿ. ಅಂದೇ ಅಥವಾ ಮರುದಿನವೇ ಬಿಚ್ಚಬಲ್ಲವರ ಕೈಗೆ ಕೊಡಿ. ಹೇರ್ ಡ್ರೈಯರ್ ಬೇಡ, ಬಿಸಿಲೂ ಬೇಡ.

ಬಿಚ್ಚಿದ ಮೇಲಿನ ಕೆಲಸ ಒಂದು ಬಗೆಯ ಪಾತ್ರೆ ತೊಳೆಯುವಿಕೆ. ಬೋರ್ಡನ್ನು ಅಲ್ಟ್ರಾಸಾನಿಕ್ ತೊಟ್ಟಿಯ ದ್ರಾವಣದಲ್ಲಿ ಮುಳುಗಿಸುತ್ತಾರೆ. ಕಿವಿಗೆ ಕೇಳದ ಕಂಪನಕ್ಕೆ ದ್ರಾವಣದಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ, ಬ್ರಷ್ಷು ಹೋಗಲಾರದ ಸಂದಿನ ಕೊಳೆಯನ್ನೂ ಎಬ್ಬಿಸುತ್ತವೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಉಜ್ಜಿದರೆ ಉಳಿದ ನೀರು ಅದರೊಂದಿಗೆ ಆರಿಹೋಗುತ್ತದೆ. ಮೊದಲ ದಿನವೇ ಹೀಗೆ ತೊಳೆದಿದ್ದರೆ ಎಷ್ಟೋ ಫೋನುಗಳು ವರ್ಷಗಟ್ಟಲೆ ಬಾಳುತ್ತವೆ. ಅಂಥ ರಿಪೇರಿಗೆ ನಾನು ಕಣ್ಣುಮುಚ್ಚಿ ಒಪ್ಪುತ್ತೇನೆ. ಒಂದು ಫೋನು ತನ್ನ ಆಯುಸ್ಸಿನಲ್ಲಿ ಗಾಳಿಗೆ ಸೇರಿಸುವ ಇಂಗಾಲದ ಬಹುಪಾಲು ಅದನ್ನು ತಯಾರಿಸುವಾಗಲೇ ಸೇರಿರುತ್ತದೆ. ಇರುವ ಫೋನನ್ನು ಇನ್ನೆರಡು ವರ್ಷ ಉಳಿಸಿಕೊಂಡರೆ ಅಷ್ಟೂ ಲಾಭ.

ಕಡಲಿಗೆ ಬಿದ್ದು, ಚಾರ್ಜಿಗೂ ಹಾಕಿ, ವಾರ ಕಳೆದ ಫೋನಿನ ಲೆಕ್ಕ ಬೇರೆ. ನೀರು ಕಂಡ ಬ್ಯಾಟರಿಯನ್ನು ಬದಲಿಸಲೇಬೇಕು, ಅದು ಉಬ್ಬಿದರೆ ಬೆಂಕಿಯ ಅಪಾಯ. ಜೊತೆಗೆ ಡಿಸ್‌ಪ್ಲೇಯೂ ಹೋಗಿದ್ದು, ಒಟ್ಟು ಖರ್ಚು ಅಂಥದೇ ಹಳೆಯ ಫೋನಿನ ಬೆಲೆಯ ಅರ್ಧ ದಾಟಿದರೆ ನಾನು ಹಿಂದೆ ಸರಿಯುತ್ತೇನೆ. ನೀರು ತಡೆಯುತ್ತದೆ ಎನ್ನುವ ಐಪಿ68 ಮುದ್ರೆ ನೋಡಿ ಯಾರೂ ಮೈಮರೆಯಬಾರದು. ಆ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ಸಿಹಿನೀರಿನಲ್ಲಿ. ಅಂಚಿನ ಗೋಂದು ವರ್ಷ ಕಳೆದಂತೆ ಸೋಲುತ್ತದೆ, ಒಮ್ಮೆ ಬಿಚ್ಚಿದ ಮೇಲಂತೂ ಮೊದಲಿನ ಬಿಗಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಫೋನು ಬೇಡ, ಒಳಗಿರುವುದು ಬೇಕು ಎನ್ನುವವರೂ ಇದ್ದಾರೆ. ಅಕ್ಕ ಅಂಥವಳು. ಮೂರು ವರ್ಷದ ಅಡಿಕೆ ಮಂಡಿಯ ಚೀಟಿಗಳ ಫೋಟೊ ಅದರಲ್ಲಿದ್ದವು, ಬೇರೆಲ್ಲೂ ನಕಲು ಇರಲಿಲ್ಲ. ಮೆಮೊರಿ ಚಿಪ್ಪನ್ನಷ್ಟೇ ಕಿತ್ತು ಓದಬಹುದಲ್ಲ ಎಂದು ಕೇಳಿದೆ. ಈಗಿನ ಫೋನುಗಳಲ್ಲಿ ಅದು ಸಾಗುವುದಿಲ್ಲ. ಒಳಗಿನದೆಲ್ಲ ಗೂಢಲಿಪಿಯಲ್ಲಿರುತ್ತದೆ, ಅದನ್ನು ಬಿಡಿಸುವ ಕೀಲಿ ಅದೇ ಬೋರ್ಡಿನ ಪ್ರೊಸೆಸರಿಗೆ ಕಟ್ಟಿಕೊಂಡಿರುತ್ತದೆ. ಬೋರ್ಡು ಒಮ್ಮೆಯಾದರೂ ಎದ್ದು ಕೂತು, ಅಕ್ಕನ ಪಿನ್ ನಂಬರು ತೆಗೆದುಕೊಳ್ಳಬೇಕು.

ಹುಡುಗ ಎರಡು ಕೆಪಾಸಿಟರ್ ಬದಲಿಸಿದ, ತುಂಡಾದ ಗೆರೆಯೊಂದನ್ನು ಕೂದಲಿನಷ್ಟು ತೆಳ್ಳನೆಯ ತಂತಿಯಿಂದ ಜೋಡಿಸಿದ, ಬೇರೆ ಬ್ಯಾಟರಿ ಹಾಕಿದ. ಪರದೆ ಬೆಳಗಿತು. "ಇದನ್ನ ನಂಬಿ ಇಟ್ಕೋಬೇಡಿ ಸಾರ್, ಇವತ್ತೇ ಎಲ್ಲ ತೆಗೆದುಬಿಡಿ" ಅಂದ. ಅಂಗಡಿಯ ಬೆಂಚಿನ ಮೇಲೇ ಕೂತು ಅಕ್ಕನಿಗೆ ನನ್ನ ಫೋನಿನಿಂದ ಕರೆ ಮಾಡಿ ಪಿನ್ ಕೇಳಿದೆ. ಚೀಟಿಗಳು ಒಂದೊಂದಾಗಿ ಲ್ಯಾಪ್‌ಟಾಪಿಗೆ ಇಳಿಯುವಷ್ಟು ಹೊತ್ತೂ ಆ ಕಡೆಯಿಂದ ಅವಳು, "ಹೋದ ವರ್ಷದ್ದು ಬಂತಾ? ಅದರ ಹಿಂದಿನದು ಬಂತಾ?" ಎಂದು ಕೇಳುತ್ತಲೇ ಇದ್ದಳು.