ಮೂಗೇಟು

ಕನ್ನಡದಲ್ಲಿ 'ಮೂಗೇಟು' ಎಂಬ ಒಂದು ಮಾತುಂಟು. ಮೂಗಿನ ಮೇಲೆ ಬಿದ್ದ ಏಟು ಎಂದು ಅದನ್ನು ಬಿಡಿಸಿ ಸಹಪಾಠಿಗಳ ನಗೆಗೆ ಗುರಿಯಾದ ವಿದ್ಯಾರ್ಥಿಗಳನ್ನು ನಾನು ಹಲವರನ್ನು ಕಂಡಿದ್ದೇನೆ. ಅದನ್ನು ಮೂಗನ ಏಟು, ಎಂದರೆ ಮಾತು ಬಾರದ ಏಟು ಎಂದು ನಾನು ಪಾಠ ಹೇಳುತ್ತಿದ್ದೆ. ಚರ್ಮ ಹರಿಯದೆ, ನೆತ್ತರು ಹೊರಗೆ ಕಾಣದೆ, ಒಳಗೇ ಕುಳಿತು ತನ್ನ ಕೆಲಸ ನಡೆಸುವ ಪೆಟ್ಟಿಗೆ ಇದು ಹೆಸರು. ಅಡಕೆಮರದಿಂದ ಬಿದ್ದವರನ್ನೂ ಎತ್ತು ಹಾಯ್ದವರನ್ನೂ ಕಂಡ ಜನ ಬಳಸಿದ ಈ ಮಾತು, ಕಾರಿನ ಅಪಘಾತಕ್ಕೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪದೇನೋ ಎಂದು ನನಗೆ ಈಚೆಗೆ ತೋರುತ್ತಿದೆ.

ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ಮರಕ್ಕೆ ಬಡಿಯಿತೆನ್ನಿ. ಸುಮಾರು 14 ಮೀಟರು ಎತ್ತರದಿಂದ, ಎಂದರೆ ನಾಲ್ಕು ಅಂತಸ್ತಿನ ಕಟ್ಟಡದ ಮೇಲಿನಿಂದ, ನೆಲಕ್ಕೆ ಬಿದ್ದ ವೇಗವೇ ಅದು. ಅಲ್ಲಿ ನಡೆಯುವುದು ಒಂದು ಡಿಕ್ಕಿಯಲ್ಲ, ಮೂರು. ಮೊದಲು ಕಾರು ಮರಕ್ಕೆ ಬಡಿದು ನಿಲ್ಲುತ್ತದೆ. ಕಾರು ನಿಂತರೂ ಒಳಗಿನ ಮನುಷ್ಯ ನಿಲ್ಲುವುದಿಲ್ಲ. ಅವನು ಅದೇ ವೇಗದಲ್ಲಿ ಮುಂದೆ ಸಾಗಿ ಸ್ಟೇರಿಂಗಿಗೋ ಗಾಜಿಗೋ ಬಡಿಯುತ್ತಾನೆ. ಅವನ ದೇಹ ನಿಂತರೂ ದೇಹದೊಳಗಿನ ಅವಯವಗಳು ನಿಲ್ಲುವುದಿಲ್ಲ. ಮಿದುಳು ತಲೆಬುರುಡೆಯ ಒಳಗೋಡೆಗೆ ಬಡಿಯುತ್ತದೆ. ಯಕೃತ್ತು, ಗುಲ್ಮ, ಕರುಳು ತಮ್ಮನ್ನು ಕಟ್ಟಿಹಾಕಿರುವ ತಂತುಗಳನ್ನು ಜಗ್ಗಿಕೊಂಡು ಮುಂದಕ್ಕೆ ಧಾವಿಸುತ್ತವೆ. ಮೊದಲ ಎರಡು ಡಿಕ್ಕಿಗಳು ದಾರಿಹೋಕರಿಗೂ ಕಾಣುತ್ತವೆ. ಮೂರನೆಯದು ಮೂಗೇಟು.

ತಲೆಯ ಪೆಟ್ಟಿನ ವಿಷಯವನ್ನು ತುಸು ವಿಸ್ತಾರವಾಗಿ ಹೇಳಬೇಕು. ಕಣತಲೆಯ ಬಳಿ ತಲೆಬುರುಡೆಯ ಮೂಳೆ ಬಹು ತೆಳು. ಅದರ ಒಳಮೈಗೆ ಅಂಟಿಕೊಂಡಂತೆ ಒಂದು ರಕ್ತನಾಳ ಹರಿಯುತ್ತದೆ. ಮೂಳೆ ಬಿರುಕುಬಿಟ್ಟಾಗ ಆ ನಾಳವೂ ಹರಿದರೆ, ಮೂಳೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ಕೂಡತೊಡಗುತ್ತದೆ. ತಲೆಬುರುಡೆ ಹಿಗ್ಗುವ ಚೀಲವಲ್ಲ. ರಕ್ತ ಕೂಡಿದಷ್ಟೂ ಮಿದುಳು ಅದುಮಿಹೋಗಬೇಕು. ಇಲ್ಲಿನ ವಂಚನೆಯೆಂದರೆ, ಪೆಟ್ಟು ಬಿದ್ದ ಕ್ಷಣ ಎಚ್ಚರ ತಪ್ಪಿದವನು ಆಮೇಲೆ ಎದ್ದು ಕುಳಿತು, ಕೆಲವು ಗಂಟೆಗಳ ಕಾಲ ಎಲ್ಲರಂತೆ ಮಾತನಾಡಿಕೊಂಡಿರಬಲ್ಲ. ಆ ನಿರ್ಮಲವಾದ ಅವಧಿ ಮುಗಿದ ಮೇಲೆ ತಲೆನೋವು, ವಾಂತಿ, ಮಂಪರು; ಒಂದು ಕಣ್ಣಿನ ಪಾಪೆ ಹಿಗ್ಗುವುದು; ಅನಂತರ ಮರಳಿ ಬಾರದ ನಿದ್ದೆ.

ಸುಮಾರು ಮೂವತ್ತು ವರ್ಷಗಳ ಹಿಂದೆ, ನಮ್ಮ ಕಾಲೇಜಿನ ಮಿತ್ರರೊಬ್ಬರು, ಆಗ ಮೂವತ್ತೈದರ ಪ್ರಾಯದವರು, ಮದುವೆಯೊಂದನ್ನು ಮುಗಿಸಿಕೊಂಡು ಬರುವಾಗ ತರೀಕೆರೆಯ ಬಳಿ ಅವರಿದ್ದ ಕಾರು ಮೋರಿಯ ಕಟ್ಟೆಗೆ ಬಡಿಯಿತು. ಇಳಿದು ಪಂಚೆಯ ಧೂಳು ಕೊಡವಿಕೊಂಡು ಬೇರೊಂದು ವಾಹನದಲ್ಲಿ ಮನೆಗೆ ಬಂದರು. ನೋಡಲು ಹೋದ ನಮಗೆಲ್ಲ ಕಾಫಿ ಕೊಡಿಸಿ, "ಏನೂ ಆಗಿಲ್ಲ ಮಾರಾಯ್ರೆ, ದೇವರು ದೊಡ್ಡವನು" ಎಂದರು. ಸಂಜೆಯ ವೇಳೆಗೆ, ಗಡಿಯಾರಕ್ಕೆ ಕೀಲಿ ಕೊಟ್ಟೆಯಾ ಎಂದು ಹೆಂಡತಿಯನ್ನು ಮೂರು ಸಲ ಕೇಳಿದರಂತೆ. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಆಕೆ ನಮ್ಮಲ್ಲಿಗೆ ಬಂದು, "ಇವರು ಕೇಳಿದ್ದನ್ನೇ ಕೇಳುವವರಲ್ಲ, ನನಗೆ ಭಯವಾಗುತ್ತದೆ, ಈಗಲೇ ಆಸ್ಪತ್ರೆಗೆ ಹೊರಡಿಸಿ" ಎಂದು ಹಟ ಹಿಡಿದರು. ಹೋಗುವ ದಾರಿಯಲ್ಲಿಯೇ ಮಿತ್ರರಿಗೆ ವಾಂತಿಯಾಯಿತು. ಶಸ್ತ್ರವೈದ್ಯರು ಆ ರಾತ್ರಿ ಬುರುಡೆಯಲ್ಲಿ ರಂಧ್ರ ಮಾಡಿ, ಹೆಪ್ಪುಗಟ್ಟಿದ ರಕ್ತವನ್ನು ತೆಗೆದರು. ಮಿತ್ರರು ಬದುಕಿದರು, ಇಂದಿಗೂ ಇದ್ದಾರೆ. ನಾವು ನಾಲ್ವರು ಪಂಡಿತರು ಅವರ ಮಾತಿನ ಅರ್ಥವನ್ನು ಮಾತ್ರ ಕೇಳಿಸಿಕೊಂಡಿದ್ದೆವು. ಆಕೆ ಪುನರುಕ್ತಿಯನ್ನು ಗಮನಿಸಿದ್ದರು.

ನನ್ನ ವಯಸ್ಸಿನವರಲ್ಲಿ ಈ ಕಥೆ ಇನ್ನೂ ನಿಧಾನವಾಗಿ ನಡೆಯುತ್ತದೆ. ಮುಪ್ಪಿನಲ್ಲಿ ಮಿದುಳು ತುಸು ಕುಗ್ಗುವುದರಿಂದ ಅದರ ಮೇಲಿನ ಸಣ್ಣ ಅಭಿಧಮನಿಗಳು ಬಿಗಿದುಕೊಂಡಿರುತ್ತವೆ. ಅಲ್ಪ ಪೆಟ್ಟಿಗೂ ಹರಿದು, ರಕ್ತ ಜಿನುಗಿ ಜಿನುಗಿ, ವಾರಗಳ ಮೇಲೆ ಮರೆವಾಗಿಯೋ ನಡಿಗೆಯ ತೊಡರಾಗಿಯೋ ಹೊರಬೀಳಬಹುದು. ಮನೆಯವರು ಅದನ್ನು ಅರಳುಮರಳೆಂದು ತಳ್ಳಿಹಾಕುತ್ತಾರೆ. ರಕ್ತ ತೆಳುವಾಗಲೆಂದು ಮಾತ್ರೆ ನುಂಗುವವರು ಇದನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು.

ಕತ್ತಿನ ಪೆಟ್ಟು ಪ್ರಾಣಕ್ಕೆ ಅಷ್ಟು ಅಪಾಯಕಾರಿಯಲ್ಲ. ಆದರೆ ಬಹು ಸಾಮಾನ್ಯ. ನಿಂತ ಕಾರಿಗೆ ಹಿಂದಿನಿಂದ ಇನ್ನೊಂದು ಬಡಿದಾಗ ಮೈ ಸೀಟಿನೊಂದಿಗೆ ಮುಂದಕ್ಕೆ ಹೋಗುತ್ತದೆ, ತಲೆ ಹಿಂದುಳಿಯುತ್ತದೆ; ಮರುಕ್ಷಣ ತಲೆ ಮುಂದಕ್ಕೆ ಒಗೆಯಲ್ಪಡುತ್ತದೆ. ಇಂಗ್ಲಿಷಿನವರು ಇದನ್ನು ಚಾವಟಿಯ ಬೀಸಿಗೆ ಹೋಲಿಸಿ ಹೆಸರಿಟ್ಟಿದ್ದಾರೆ. ಅಂದು ನೋವಿಲ್ಲದೆ ಮಾರನೆಯ ದಿನ ಕತ್ತು ತಿರುಗದಾಗುವುದುಂಟು. ಸೀಟಿನ ಮೇಲಿರುವ ತಲೆಯಾನಿಕೆ ಇರುವುದು ಇದನ್ನು ತಡೆಯಲಿಕ್ಕಾಗಿ, ನಿದ್ದೆಗಾಗಿ ಅಲ್ಲ. ಅದು ತಲೆಯ ಮಟ್ಟಕ್ಕೆ ಏರಿರಬೇಕು. ನಮ್ಮ ಕಾರುಗಳಲ್ಲಿ ಬಹುಮಟ್ಟಿಗೆ ಅದು ಕತ್ತಿನ ಬುಡದಲ್ಲೇ ಇರುತ್ತದೆ.

ಎದೆ ಸ್ಟೇರಿಂಗಿಗೆ ಬಡಿದರೆ ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಬಹುದು. ಹೃದಯದಿಂದ ಹೊರಡುವ ಮಹಾಪಧಮನಿ ಹರಿದರೆ ಆಸ್ಪತ್ರೆಯವರೆಗೆ ಬದುಕಿ ಬರುವವರು ವಿರಳ. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿದ ಹೊಡೆತ ತೊಡೆಯ ಮೂಳೆಯ ಗುಂಟ ಸಾಗಿ ಸೊಂಟದ ಕೀಲನ್ನೇ ಹಿಂದಕ್ಕೆ ತಪ್ಪಿಸುವುದುಂಟು. ಹೊಟ್ಟೆಯ ಮೂಗೇಟುಗಳಲ್ಲಿ ಗುಲ್ಮದ್ದು ಕುಟಿಲವಾದದ್ದು. ಎಡಪಕ್ಕೆಯ ಕೆಳಗಿರುವ ಈ ಮೆತ್ತನೆಯ ಅವಯವ ಅಂದು ಸುಮ್ಮನಿದ್ದು, ದಿನಗಳ ಅನಂತರ ಒಡೆದದ್ದೂ ಇದೆ. ಅಪಘಾತದ ಮೇಲೆ ಎಡಭುಜದಲ್ಲಿ ಕಾರಣವಿಲ್ಲದ ನೋವು ಕಂಡರೆ ವೈದ್ಯರು ಮೊದಲು ಹೊಟ್ಟೆಯನ್ನು ಪರೀಕ್ಷಿಸುತ್ತಾರೆ.

ಭುಜದಿಂದ ಸೊಂಟಕ್ಕೆ ಹಾಯುವ ಇಂದಿನ ಸೀಟುಬೆಲ್ಟನ್ನು 1959ರಲ್ಲಿ ಸ್ವೀಡನ್ನಿನ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಎರಡನೆಯ ಡಿಕ್ಕಿಯ ಹೊಡೆತವನ್ನು ಗಟ್ಟಿಯಾದ ಮೂಳೆಗಳ ಮೇಲೆ ಹಂಚುವುದೇ ಅದರ ಉಪಾಯ. ಆದ್ದರಿಂದ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಮೇಲೆ ಜಾರಿದರೆ ಕರುಳನ್ನು ಅದೇ ಘಾಸಿಗೊಳಿಸಬಹುದು. ಗರ್ಭಿಣಿಯರೂ ಅದನ್ನು ಬಸಿರಿನ ಕೆಳಗೆ ಕಟ್ಟಬೇಕು. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಬೆಲ್ಟು ಕಟ್ಟಿಕೊಳ್ಳದಿದ್ದವರು 16,715. ಅವರೊಳಗೆ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಚಾಲಕರಲ್ಲ, ಪ್ರಯಾಣಿಕರು. ಹಿಂದಿನ ಸೀಟು ಹಿರಿಯರ ಗೌರವದ ಸ್ಥಾನವೆಂದು ತಿಳಿದು ನಾವು ಅಲ್ಲಿ ಕಾಲುಚಾಚಿ ಕೂರುತ್ತೇವೆ. ಅದೇ ವರ್ಷ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಮಡಿದದ್ದು ಹಿಂದಿನ ಸೀಟಿನಲ್ಲಿ. ಬೆಲ್ಟಿಲ್ಲದೆ ಹಿಂದೆ ಕುಳಿತವನು ಮುಂದಿರುವ ಮಗನಿಗೋ ಸೊಸೆಗೋ ಬಂದು ಬಡಿಯುವ ಭಾರವೂ ಆಗುತ್ತಾನೆ.

ಮನಸ್ಸಿನ ಮೂಗೇಟೂ ಒಂದಿದೆ. 1865ರ ಜೂನ್ 9ರಂದು ಇಂಗ್ಲೆಂಡಿನ ಸ್ಟೇಪಲ್‌ಹರ್ಸ್ಟ್‌ನಲ್ಲಿ ರೈಲು ಹಳಿ ತಪ್ಪಿದಾಗ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅದರಲ್ಲಿದ್ದರು. ಗಾಯಾಳುಗಳಿಗೆ ನೀರು ಕೊಟ್ಟರು. ತೂಗಾಡುತ್ತಿದ್ದ ಡಬ್ಬಿಯೊಳಕ್ಕೆ ಮತ್ತೆ ಹತ್ತಿ ತಮ್ಮ ಹಸ್ತಪ್ರತಿಯನ್ನು ತಂದರು. ಮೈಗೆ ಗಾಯವಿರಲಿಲ್ಲ. ಆದರೆ ಆಮೇಲೆ ಬದುಕಿದ ಐದು ವರ್ಷವೂ ಪ್ರಯಾಣದ ನಡುವೆ ಹಠಾತ್ತನೆ ಅಂಜಿಕೆ ಬಂದು ಅವರನ್ನು ಕಾಡುತ್ತಿತ್ತು. ಕಾರಿನ ಅಪಘಾತದಿಂದ ಪಾರಾದವರಲ್ಲಿಯೂ ನಿದ್ದೆಗೇಡು, ಹಾರನ್ನಿನ ಸದ್ದಿಗೆ ಬೆಚ್ಚುವುದು, ಆ ದಾರಿಯನ್ನೇ ಬಿಡುವುದು ಕಾಣುತ್ತವೆ. ಇದು ಹೇಡಿತನವಲ್ಲ, ಚಿಕಿತ್ಸೆಯುಳ್ಳ ಗಾಯ.

ದಾರಿಯಲ್ಲಿ ಇಂಥದನ್ನು ಕಂಡರೆ ಗಾಯಾಳುವನ್ನು ಕಂಕುಳಿಗೆ ಕೈಹಾಕಿ ಎಳೆಯಬಾರದು. ಕತ್ತಿನ ಮೂಳೆ ಮುರಿದಿದ್ದು ಬೆನ್ನುಹುರಿ ಉಳಿದಿದ್ದರೆ, ಆ ಎಳೆತವೇ ಅದನ್ನು ಕೆಡಿಸೀತು. ಬೆಂಕಿಯ ಭಯವಿಲ್ಲದಿದ್ದರೆ ತಲೆಯನ್ನು ಅಲುಗದಂತೆ ಹಿಡಿದು, ಉಸಿರಾಟವನ್ನು ನೋಡುತ್ತ, ಹರಿಯುವ ರಕ್ತವನ್ನು ಬಟ್ಟೆಯಿಂದ ಒತ್ತಿಹಿಡಿದು, 108ಕ್ಕೆ ಕರೆಮಾಡಬೇಕು. ಕುಡಿಯಲು ಏನನ್ನೂ ಕೊಡಬಾರದು, ಶಸ್ತ್ರಚಿಕಿತ್ಸೆ ಬೇಕಾದೀತು. ಪೊಲೀಸು, ಕೋರ್ಟು ಎಂದು ಹೆದರಿ ಹಿಂಜರಿಯುವವರಿಗೆ ಒಂದು ಮಾತು: 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿದ 134ಎ ಕಲಮು ಸದ್ಭಾವದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಅವರು ತಮ್ಮ ಹೆಸರು ವಿಳಾಸ ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ.